ಹನ್ನೊಂದು ಕಂತು ಬಾಕಿ

ನಮ್ಮ ಕೋಲಾರದಲ್ಲಿ ಸಾಲದ ಮಾತು ಬಂದರೆ ಸಲಹೆ ಕೊಡದವರೇ ಇಲ್ಲ. ಸಾಲ ಹೊರದೇಶದ್ದಾದರಂತೂ ಸಲಹೆ ಇನ್ನೂ ಧಾರಾಳ. "ಕಟ್ಟದೆ ವಿಮಾನ ಹತ್ತಿಬಿಡಲಿ, ಅವರೇನು ಅಂತರಗಂಗೆ ಬೆಟ್ಟದವರೆಗೆ ಹುಡುಕಿಕೊಂಡು ಬರುತ್ತಾರೆಯೇ?" ಎಂಬ ಮಾತನ್ನು ಮೊದಲು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕೇಳಿದೆ. ಆಮೇಲೆ ಡೂಂ ಲೈಟ್ ವೃತ್ತದ ಹತ್ತಿರ ಜೆರಾಕ್ಸ್ ಮಾಡಿಸಲು ನಿಂತಿದ್ದಾಗ ಕೇಳಿದೆ. ಕೊನೆಗೆ ನನ್ನ ಸ್ವಂತ ತಮ್ಮನ ಬಾಯಿಂದಲೇ ಕೇಳಿದೆ. ಸಾಲ ಎಂದರೆ ದೊಡ್ಡದೇನಲ್ಲ. ತಮ್ಮನ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅಲ್ಲಿ ಎರಡು ವರ್ಷದ ಕರಾರಿನ ಮೇಲೆ ಒಂದು ಮೊಬೈಲ್ ಫೋನ್ ತೆಗೆದುಕೊಂಡಿದ್ದಳು. ಅರ್ಧ ದಾರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೂ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತು. ಹೊರಡಬೇಕು, ಆದರೆ ಫೋನಿನ ಕರಾರಿಗೆ ಇನ್ನೂ ಹನ್ನೊಂದು ತಿಂಗಳು ಬಾಕಿ. ಇಷ್ಟೇ ವಿಷಯ. ಇಷ್ಟಕ್ಕೆ ನಮ್ಮ ಮನೆಯಲ್ಲಿ ಮೂರು ಪಕ್ಷಗಳಾದವು, ಮೂರೂ ಪಕ್ಷದವರು ತಮ್ಮದೇ ಸರಿ ಎಂದು ಈಗಲೂ ನಂಬಿದ್ದಾರೆ.

ನಾನು ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಶ್ರೀನಿವಾಸಪುರ, ಮುಳಬಾಗಿಲು, ಬಂಗಾರಪೇಟೆ ಎಂದು ಈ ಜಿಲ್ಲೆಯ ಶಾಖೆಗಳನ್ನೇ ಸುತ್ತಿದವನು. ಸಾಲ ಕೊಡುವವನ ಕುರ್ಚಿಯಲ್ಲಿ ಅಷ್ಟು ವರ್ಷ ಕುಳಿತವನಿಗೆ "ಕಟ್ಟದೆ ಹೋಗಿಬಿಡು" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ. ಆದರೆ ಅದೇ ಕುರ್ಚಿಯಲ್ಲಿ ಕುಳಿತು ನೋಡಿದ ಇನ್ನೊಂದು ಸಂಗತಿಯೂ ಇದೆ. ಕರಾರು ಬರೆಯುವವನು ಒಳಗೆ ಬರುವ ಬಾಗಿಲನ್ನು ಅಗಲವಾಗಿ ಇಡುತ್ತಾನೆ, ಹೊರಗೆ ಹೋಗುವ ಬಾಗಿಲನ್ನು ಏಳನೆಯ ಪುಟದ ಸಣ್ಣ ಅಕ್ಷರದಲ್ಲಿ ಇಡುತ್ತಾನೆ. ಹೀಗಾಗಿ ಈ ವಿಷಯದಲ್ಲಿ ನನಗೆ ಕೋಪ ಎರಡೂ ಕಡೆಯವರ ಮೇಲಿತ್ತು.

ಯಾರ ವಸ್ತು ಯಾರ ಕೈಯಲ್ಲಿ

ನಮ್ಮಲ್ಲಿ ಫೋನ್ ಬಿಡುವುದು ಒಂದು ಕೆಲಸವೇ ಅಲ್ಲ. ಬಳಸುವವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಪ್ರೀಪೇಯ್ಡ್. ಬೇಡವಾದರೆ ರೀಚಾರ್ಜ್ ಮಾಡಿಸುವುದಿಲ್ಲ, ಅಷ್ಟೇ. ಕಂಪನಿ ಕೆಲವು ದಿನ ಸಂದೇಶ ಕಳಿಸಿ ಗೋಗರೆಯುತ್ತದೆ, ಆಮೇಲೆ ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವ ಕರೆ ನಿಲ್ಲುತ್ತದೆ, ತಿಂಗಳುಗಟ್ಟಲೆ ಬಳಸದಿದ್ದರೆ ಸಂಖ್ಯೆ ಇನ್ನೊಬ್ಬರ ಪಾಲಾಗುತ್ತದೆ. ಸಂಖ್ಯೆ ಉಳಿಸಿಕೊಂಡು ಕಂಪನಿ ಮಾತ್ರ ಬದಲಿಸಬೇಕೆಂದರೆ 1900ಕ್ಕೆ ಒಂದು ಸಂದೇಶ. ಈ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿ 20ರಂದು. ಕಂಪನಿಗಳೇನೂ ಇಲ್ಲಿ ಸಾಧುಗಳಲ್ಲ. 28 ದಿನವನ್ನು ತಿಂಗಳು ಎಂದು ಕರೆದು ವರ್ಷಕ್ಕೆ ಹದಿಮೂರು ರೀಚಾರ್ಜ್ ವಸೂಲು ಮಾಡುವ ಜಾಣತನ ಅವರದೇ. 30 ದಿನದ ಯೋಜನೆಯೊಂದನ್ನಾದರೂ ಇಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಹೇಳಬೇಕಾಯಿತು. ಆದರೂ ಬಿಟ್ಟು ಹೋಗುವವನಿಗೆ ಇಲ್ಲಿ ಅಡ್ಡಿಯಿಲ್ಲ, ಏಕೆಂದರೆ ಅವನು ಮುಂಚೆಯೇ ಹಣ ಕೊಟ್ಟಿದ್ದಾನೆ. ಕಂಪನಿಯ ಒಂದು ರೂಪಾಯಿಯೂ ಅವನ ಬಳಿ ಇಲ್ಲ.

ಇದಕ್ಕಿಂತ ಹಿಂದಿನ ವ್ಯವಸ್ಥೆ ಇದರ ತಲೆಕೆಳಗು. ನಮ್ಮ ಮನೆಗೆ ಸ್ಥಿರ ದೂರವಾಣಿ ಬಂದದ್ದು ಅರ್ಜಿ ಹಾಕಿ, ಠೇವಣಿ ಕಟ್ಟಿ, ಸರದಿ ಬರುವವರೆಗೆ ಕಾದ ಮೇಲೆ. ಎಲ್ಲರ ಕೈಗೂ ಮೊಬೈಲ್ ಬಂದು, ಬಿಲ್ಲಿನಲ್ಲಿ ಬಾಡಿಗೆಯ ಹೊರತು ಬೇರೇನೂ ಕಾಣದಂತಾದಾಗ ಅದನ್ನು ಹಿಂತಿರುಗಿಸಲು ತೀರ್ಮಾನಿಸಿದೆವು. ಆ ದಿನ ನನಗೆ ಚೆನ್ನಾಗಿ ನೆನಪಿದೆ, ತಂದೆಯವರು ತಾವೂ ಬರುತ್ತೇನೆಂದು ಹಟ ಹಿಡಿದರು. ಉಪಕರಣವನ್ನು ಒರೆಸಿ, ತಂತಿಯನ್ನು ಸುರುಳಿ ಸುತ್ತಿ, ಟವೆಲಿನಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ಕುಳಿತರು. ಕಚೇರಿಯ ಗುಮಾಸ್ತರು ಅದನ್ನು ತಿರುಗಿಸಿ ಕೆಳಗಿನ ಕ್ರಮಸಂಖ್ಯೆ ನೋಡಿದರು, ಕೊನೆಯ ಬಿಲ್ಲಿನ ರಸೀದಿ ಕೇಳಿದರು, ಠೇವಣಿಯಲ್ಲಿ ಬಾಕಿ ಮುರಿದುಕೊಂಡು ಉಳಿದದ್ದಕ್ಕೆ ಚೆಕ್ ಬರುತ್ತದೆ ಎಂದರು. ತಂದೆಯವರಿಗೆ ಠೇವಣಿಯ ಚಿಂತೆ ಇರಲಿಲ್ಲ. "ಈ ನಂಬರನ್ನು ಬೇರೆಯವರಿಗೆ ಕೊಟ್ಟುಬಿಡುತ್ತೀರಾ ಸ್ವಾಮಿ?" ಎಂದು ಕೇಳಿದರು. ಗುಮಾಸ್ತರು ಒಂದು ಕ್ಷಣ ಅವರ ಮುಖ ನೋಡಿ, "ಸ್ವಲ್ಪ ದಿನ ಖಾಲಿ ಇಟ್ಟಿರುತ್ತೇವೆ ಯಜಮಾನರೇ" ಎಂದರು. ಅದು ನಿಯಮವೋ ಅವರ ಸೌಜನ್ಯವೋ, ನಾನು ವಿಚಾರಿಸಲು ಹೋಗಲಿಲ್ಲ. ಬರುವಾಗ ತಂದೆಯವರು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡಿದ್ದರು.

ಆಗ ನಮ್ಮ ಹಣ ಇಲಾಖೆಯ ಕೈಯಲ್ಲಿತ್ತು, ಆದ್ದರಿಂದ ಬಿಡುವಾಗ ಅವರು ನಮಗೆ ಕೊಡಬೇಕಿತ್ತು. ಪ್ರೀಪೇಯ್ಡ್‌ನಲ್ಲಿ ಯಾರೂ ಯಾರಿಗೂ ಕೊಡಬೇಕಿಲ್ಲ. ಇಂಗ್ಲೆಂಡಿನಲ್ಲಿ ಆ ಹುಡುಗಿ ಮಾಡಿಕೊಂಡದ್ದು ಮೂರನೆಯ ಬಗೆ. ಬೆಲೆಬಾಳುವ ಫೋನನ್ನು ಕಂಪನಿ ಮೊದಲೇ ಕೈಗೆ ಕೊಟ್ಟಿದೆ, ಹಣ ಇನ್ನೂ ಬರಬೇಕಿದೆ. ಬಿಡುವಾಗ ಕೇಳುವ ಹಣಕ್ಕೆ ದಂಡ ಎಂದು ಹೆಸರಿಟ್ಟರೆ ನಮಗೆ ಸಿಟ್ಟು ಬರುತ್ತದೆ. ಅದಕ್ಕೆ ಮೊದಲು ಯಾರ ವಸ್ತು ಯಾರ ಕೈಯಲ್ಲಿ ಉಳಿದಿದೆ ಎಂದು ನೋಡಬೇಕು.

ಕೋಲಾರದವರಿಗೆ ಇದನ್ನು ತಿಳಿಸಲು ಟೊಮೆಟೊ ಮಂಡಿಗಿಂತ ಒಳ್ಳೆಯ ಉದಾಹರಣೆ ಬೇಡ. ನಾಟಿಗೆ ಮುಂಚೆ ಸಸಿ, ಗೊಬ್ಬರ, ಊರುಗೋಲು ಎಂದು ಮಂಡಿಯವರು ರೈತನಿಗೆ ಮುಂಗಡ ಕೊಡುತ್ತಾರೆ. ಬಡ್ಡಿಯ ಮಾತೆತ್ತುವುದಿಲ್ಲ, ಕಾಗದಪತ್ರದ ಗೋಜೂ ಹೆಚ್ಚಿಲ್ಲ. ಒಂದೇ ಷರತ್ತು, ಹಣ್ಣು ನಮ್ಮ ಮಂಡಿಗೇ ಬರಬೇಕು. ಪಕ್ಕದ ಮಂಡಿಯಲ್ಲಿ ಬಾಕ್ಸಿಗೆ ಐವತ್ತು ರೂಪಾಯಿ ಹೆಚ್ಚು ಕೂಗಿದರೂ ಮುಂಗಡ ತೀರುವವರೆಗೆ ಅತ್ತ ತಿರುಗುವಂತಿಲ್ಲ. 2023ರ ಜುಲೈಯಲ್ಲಿ ಹದಿನೈದು ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ದಾಟಿದಾಗ ಮುಂಗಡ ತೀರಿಸಿ ಕೈ ತೊಳೆದುಕೊಂಡ ರೈತರನ್ನು ನಾನು ಬಲ್ಲೆ. ಮುಂಗಡ ವಾಪಸು ಕೇಳುವುದು ಮಂಡಿಯವರ ತಪ್ಪಲ್ಲ. ಮುಂಗಡ ತೀರಿದ ಮೇಲೂ "ಈ ಹಂಗಾಮು ಪೂರ್ತಿ ನಮ್ಮಲ್ಲಿಗೇ ಬಾ" ಎಂದರೆ ಅದು ತಪ್ಪು. ಇಂಗ್ಲೆಂಡಿನ ಫೋನ್ ಕರಾರಿನಲ್ಲಿ ಈ ಎರಡೂ ಬೆರೆತಿದ್ದವು.

ಕರಾರಿನ ಫೋನ್ ನಮಗೆ ತೀರಾ ಹೊಸದೂ ಅಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಕೊಟ್ಟರೆ ಫೋನ್ ಕೈಗೆ, ಉಳಿದದ್ದು ಕಂತಿನಲ್ಲಿ ಎಂದು ಹೊರಟಿತ್ತು. ಆಗ ಫೋನ್ ಹಿಡಿದು ಓಡಾಡಿದವರಲ್ಲಿ ಕಂತು ಮರೆತವರು ನಮ್ಮ ಸುತ್ತಮುತ್ತಲೇ ಬೇಕಾದಷ್ಟಿದ್ದರು. ಕಟ್ಟದೆ ಬಿಟ್ಟರೂ ಏನೂ ಆಗುವುದಿಲ್ಲ ಎಂಬ ಧೈರ್ಯದ ಬೇರು ಅಲ್ಲೇ ಇರಬಹುದೆಂಬುದು ನನ್ನ ಗುಮಾನಿ.

ಕಾಗದ ಓದಿದ ಮಧ್ಯಾಹ್ನ

ಅವಳು ರಾತ್ರಿ ಪಾಳಿ ಮುಗಿಸಿ ಕೋಣೆಗೆ ಬಂದು ಕರೆ ಮಾಡಿದಾಗ ನಮಗಿಲ್ಲಿ ಊಟದ ಹೊತ್ತು. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ನಾನು ಕನ್ನಡಕ ಹಾಕಿಕೊಂಡೆ. ಕರಾರಿನ ಪ್ರತಿಯನ್ನು ಅವಳು ಮುಂಚೆಯೇ ಕಳಿಸಿದ್ದಳು, ನಾನು ಮುದ್ರಿಸಿಕೊಂಡಿದ್ದೆ. ಪಕ್ಕದಲ್ಲಿ ತಮ್ಮ ಕುಳಿತು ಮುದ್ದೆ ಮುರಿಯುತ್ತ, "ಇಷ್ಟೊಂದು ಓದುವುದು ಏನಿದೆ ಅಣ್ಣಾ, ಬಾ ಎಂದುಬಿಡು" ಎನ್ನುತ್ತಿದ್ದ.

"ದೊಡ್ಡಪ್ಪ, ಊರು ಬಿಡುವವರಿಗೆ ರಿಯಾಯಿತಿ ಏನಾದರೂ ಬರೆದಿದೆಯಾ ನೋಡಿ" ಎಂದಳು. ಬರೆದಿರಲಿಲ್ಲ. ಖರೀದಿಸಿದ ಮೊದಲ ಹದಿನಾಲ್ಕು ದಿನದಲ್ಲಿ ಹಿಂತಿರುಗಿಸುವ ಹಕ್ಕು ದೂರದಿಂದ ಕೊಂಡವರಿಗೆ ಅಲ್ಲಿನ ಕಾನೂನಿನಲ್ಲಿದೆ, ಅದು ಎಂದೋ ಮುಗಿದಿತ್ತು. ಕರಾರಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿ ಕಂಪನಿ ಬೆಲೆ ಏರಿಸಿದರೆ ದಂಡವಿಲ್ಲದೆ ಹೊರಬರಬಹುದು, ಹಾಗೇನೂ ಆಗಿರಲಿಲ್ಲ. ಗಿರಾಕಿ ದೇಶ ಬಿಡುತ್ತಾನೆ ಎಂಬುದು ಕಂಪನಿಯ ಮಟ್ಟಿಗೆ ಒಂದು ಕಾರಣವೇ ಅಲ್ಲ.

ಆ ಹಾಳೆಗಳಲ್ಲಿ ನನ್ನ ಕಣ್ಣು ಕುಕ್ಕಿದ್ದು ಬೇರೊಂದು ಸಾಲು. ಪ್ರತಿ ವರ್ಷ ವಸಂತದಲ್ಲಿ ತಿಂಗಳ ಕಂತು ಏರುತ್ತದೆ ಎಂದು ಬರೆದಿತ್ತು. ಎರಡು ವರ್ಷ ಅಲುಗಾಡುವಂತಿಲ್ಲ ಎಂದು ಗಿರಾಕಿಯಿಂದ ಸಹಿ ಹಾಕಿಸಿಕೊಂಡವರು ತಾವು ಮಾತ್ರ ನಡುವೆ ಬೆಲೆ ಅಲುಗಾಡಿಸುತ್ತಾರೆ. ಮೊದಲು ಇದು ಇನ್ನೂ ಕೆಟ್ಟದಾಗಿತ್ತು. ಅಲ್ಲಿನ ಹಲವು ಕಂಪನಿಗಳು ಹಣದುಬ್ಬರದ ದರಕ್ಕೆ ಮೇಲೆ 3.9 ಪ್ರತಿಶತ ಸೇರಿಸಿ ಏರಿಸುತ್ತಿದ್ದವು. 2023ರಲ್ಲಿ ಅದು ಹಲವು ಕಡೆ 14.4 ಪ್ರತಿಶತವಾಯಿತು. ಜನರ ಕೂಗು ಕೇಳಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್, 2025ರ ಜನವರಿ 17ರಿಂದ ಮಾಡುವ ಕರಾರುಗಳಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಪೌಂಡು ಪೆನ್ನಿಗಳಲ್ಲೇ ಬರೆದು ತೋರಿಸಬೇಕೆಂದು ನಿಯಮ ಮಾಡಿತು. ಏರಿಸಬೇಡಿ ಎನ್ನಲಿಲ್ಲ, ಎಷ್ಟೆಂದು ಹೇಳಿ ಏರಿಸಿ ಎಂದಿತು. ನಿಯಂತ್ರಣ ಸಂಸ್ಥೆಗಳ ನಡೆಯೇ ಹೀಗೆ, ಯಾವ ದೇಶವಾದರೇನು.

ಎಷ್ಟು ಕಟ್ಟಬೇಕೆಂದು ತಿಳಿಯುವುದು ಮಾತ್ರ ಸುಲಭವಿತ್ತು. ಇದನ್ನು ಮೆಚ್ಚಬೇಕು. 85075 ಸಂಖ್ಯೆಗೆ ಇನ್ಫೋ ಎಂಬ ಒಂದೇ ಪದ ಇಂಗ್ಲಿಷಿನಲ್ಲಿ ಕಳಿಸಿದರೆ, ಇಂದು ಬಿಟ್ಟರೆ ಎಷ್ಟು ಕೊಡಬೇಕು ಎಂಬ ಉತ್ತರ ಕೂಡಲೇ ಬರುತ್ತದೆ. ಸಂಖ್ಯೆ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವವರು 65075ಕ್ಕೆ ಸಂದೇಶ ಕಳಿಸಿ ಕೋಡ್ ಪಡೆಯಬಹುದು, ಸಂಖ್ಯೆಯೂ ಬೇಡ ಎನ್ನುವವರಿಗೆ 75075. ಮೂರೂ 2019ರ ಜುಲೈ 1ರಿಂದ ಜಾರಿಯಲ್ಲಿವೆ. ಅದಕ್ಕೆ ಮುಂಚೆ ಬಿಡುವೆನೆಂದು ಹೇಳಲು ಕರೆ ಮಾಡಬೇಕಿತ್ತು, ಆ ಕಡೆಯವರು ಮಾತಿನಲ್ಲೇ ಕಟ್ಟಿಹಾಕುತ್ತಿದ್ದರಂತೆ. ಅವಳು ಆ ಮಧ್ಯಾಹ್ನವೇ ಸಂದೇಶ ಕಳಿಸಿದಳು. ಉತ್ತರ ಬಂದಾಗ ತಮ್ಮ ಇನ್ನೂ ಕೈ ತೊಳೆದಿರಲಿಲ್ಲ. ಬಾಕಿ ಹನ್ನೊಂದು ಕಂತುಗಳ ಮೊತ್ತಕ್ಕಿಂತ ಹತ್ತಿಪ್ಪತ್ತು ಪೌಂಡು ಕಡಿಮೆ, ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರದ ಆಸುಪಾಸು. ತಮ್ಮ ಎಂಜಲು ಕೈಯನ್ನೇ ಮೇಲೆತ್ತಿ, "ಐವತ್ತು ಸಾವಿರವೇ! ಒಂದು ಫೋನಿಗೆ! ಬಂದುಬಿಡಲಿ ಅಣ್ಣಾ" ಎಂದ.

"ಇದರಲ್ಲಿ ಫೋನಿನ ಬೆಲೆ ಎಷ್ಟು, ಕರೆ ಮತ್ತು ಇಂಟರ್ನೆಟ್ಟಿನದು ಎಷ್ಟು, ಕೇಳಮ್ಮಾ" ಎಂದೆ. ಅವಳು ಕೇಳಿದಳು. ಒಂದೇ ಮೊತ್ತ, ಬೇರೆ ಮಾಡಿ ಹೇಳಲಾಗುವುದಿಲ್ಲ ಎಂದು ಉತ್ತರ ಬಂತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಅವಳ ಜೊತೆಯ ಕೇರಳದ ನರ್ಸ್ ಒಬ್ಬಳದು ಬೇರೆ ಕಂಪನಿ. ಅದರಲ್ಲಿ ಫೋನಿನ ಸಾಲ ಒಂದು ಕಾಗದ, ಸೇವೆಯ ಶುಲ್ಕ ಇನ್ನೊಂದು ಕಾಗದ. ಸಾಲದ ಕಾಗದಕ್ಕೆ ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆ ಅನ್ವಯಿಸುತ್ತದೆ, ಅವಧಿಗೆ ಮುಂಚೆ ತೀರಿಸುವುದು ಸಾಲಗಾರನ ಹಕ್ಕು. ಅವಳು ಉಳಿದ ಸಾಲ ತೀರಿಸಿದಳು, ಸೇವೆಗೆ ಒಂದು ತಿಂಗಳ ನೋಟಿಸ್ ಕೊಟ್ಟಳು, ಹೊರಟಳು. ನಮ್ಮ ಹುಡುಗಿಯ ಕರಾರಿನಲ್ಲಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿಟ್ಟಿದ್ದರು. ಫೋನಿನ ಹಣ ಕೇಳಲಿ, ನ್ಯಾಯ. ಆದರೆ ಅವಳು ಮಾಡದ ಕರೆಗೆ, ಅವರು ಒದಗಿಸಬೇಕಿಲ್ಲದ ಸೇವೆಗೆ ಹನ್ನೊಂದು ತಿಂಗಳ ಹಣ ಯಾವ ಲೆಕ್ಕದಲ್ಲಿ? ನಮ್ಮ 1872ರ ಕರಾರು ಕಾಯ್ದೆಯ 74ನೆಯ ಕಲಂ, ಕಾಗದದಲ್ಲಿ ಎಷ್ಟೇ ದಂಡ ಬರೆದಿರಲಿ, ಕೊಡಿಸುವುದು ಆ ಮೊತ್ತ ಮೀರದ ಸಮಂಜಸ ಪರಿಹಾರವನ್ನು ಮಾತ್ರ ಎನ್ನುತ್ತದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿಯೂ, ಕರಾರು ಪಾಲಿಸದ ಗ್ರಾಹಕನಿಂದ ವಿಪರೀತ ಮೊತ್ತ ಕೇಳುವ ಷರತ್ತನ್ನು ಅನ್ಯಾಯವೆನಿಸಬಹುದಾದ ಷರತ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಆದರೆ ವಿಮಾನದ ಟಿಕೆಟ್ ಕೈಯಲ್ಲಿರುವ ನರ್ಸ್, ಐವತ್ತು ಸಾವಿರಕ್ಕಾಗಿ ವಾದ ಹೂಡುತ್ತ ಕೂರುತ್ತಾಳೆಯೇ? ಕೂರುವುದಿಲ್ಲ ಎಂಬುದು ಕಂಪನಿಗೂ ಗೊತ್ತು.

ಸರಕಾರಗಳು ಮನಸ್ಸು ಮಾಡಿದರೆ ಇದು ಸರಿಹೋಗದ ಕೆಲಸವೇನಲ್ಲ. ನರಸಾಪುರದ ಕಾರ್ಖಾನೆಯಿಂದ ತರಬೇತಿಗೆಂದು ಜಪಾನಿಗೆ ಹೋಗಿಬಂದ ಹುಡುಗನೊಬ್ಬ ಹೇಳುತ್ತಿದ್ದ, ಅಲ್ಲಿ ಎರಡು ವರ್ಷದ ಕರಾರು ತಾನಾಗಿಯೇ ಮತ್ತೆರಡು ವರ್ಷಕ್ಕೆ ಮುಂದುವರಿಯುತ್ತಿತ್ತು, ನಡುವೆ ಸಿಗುವ ಸಣ್ಣ ಗಡುವಿನಲ್ಲಿ ಬಿಡದಿದ್ದರೆ 9,500 ಯೆನ್ ದಂಡ. 2019ರ ಅಕ್ಟೋಬರಿನಿಂದ ಹೊಸ ಕರಾರುಗಳಿಗೆ ಆ ದಂಡದ ಮಿತಿಯನ್ನು 1,000 ಯೆನ್‌ಗೆ ಇಳಿಸಿದರು. ಜರ್ಮನಿಯಲ್ಲಿ 2021ರ ಡಿಸೆಂಬರಿನಿಂದ, ಮೊದಲ ಅವಧಿ ಮುಗಿದ ಮೇಲೆ ತಾನಾಗಿ ಮುಂದುವರಿದ ಕರಾರನ್ನು ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2012ರಲ್ಲಿ, ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಂದ ದಂಡ ವಸೂಲು ಮಾಡಬಾರದೆಂದು ಬ್ಯಾಂಕುಗಳಿಗೆ ಹೇಳಿತು. ಆ ಸುತ್ತೋಲೆ ಬಂದಾಗ ನಮ್ಮಲ್ಲಿ ಕೆಲವರು ಗೊಣಗಿದರು. ಸಾಲ ವಾಪಸು ಕೊಡಲು ಬಂದವನಿಗೆ ದಂಡ ಹಾಕುವಾಗ ನನಗಂತೂ ಎದುರಿಗಿದ್ದವನ ಮುಖ ನೋಡಲು ಆಗುತ್ತಿರಲಿಲ್ಲ.

ಡೈರೆಕ್ಟ್ ಡೆಬಿಟ್ ನಿಲ್ಲಿಸಿದರೆ ಮುಗಿಯಿತೇ

ತಮ್ಮನ ಪಕ್ಷಕ್ಕೆ ಬರೋಣ. ಅವನ ವಾದವನ್ನು ಅವನಿಗಿಂತ ಚೆನ್ನಾಗಿ ನಾನೇ ಮಂಡಿಸಬಲ್ಲೆ. ಅಲ್ಲಿ ತಿಂಗಳ ಕಂತು ಖಾತೆಯಿಂದ ಡೈರೆಕ್ಟ್ ಡೆಬಿಟ್ ಮೂಲಕ ಹೋಗುತ್ತದೆ. ಆ ಅನುಮತಿಯನ್ನು ಬ್ಯಾಂಕಿಗೆ ಹೇಳಿ ಗಿರಾಕಿ ಯಾವಾಗ ಬೇಕಾದರೂ ರದ್ದು ಮಾಡಬಹುದು. ರದ್ದು ಮಾಡಿ ಹೊರಟರೆ ಕಂಪನಿ ಕಾಗದ ಕಳಿಸುತ್ತದೆ, ಆ ವಿಳಾಸದಲ್ಲಿ ಯಾರೂ ಇಲ್ಲ. ವಸೂಲಿಯವರಿಗೆ ಒಪ್ಪಿಸುತ್ತದೆ, ಅವರಿಗೆ ಕೋಲಾರ ಎಲ್ಲಿದೆ ಎಂದೂ ಗೊತ್ತಿಲ್ಲ. ಬಾಕಿಯ ಗುರುತು ಅಲ್ಲಿನ ಸಾಲದ ದಾಖಲೆಯಲ್ಲಿ ಆರು ವರ್ಷ ಇರುತ್ತದೆ, ಆಸ್ಟ್ರೇಲಿಯಾದ ಬ್ಯಾಂಕು ಅದನ್ನು ನೋಡುವುದಿಲ್ಲ. ಆರು ವರ್ಷ ಕಳೆದರೆ ವಾದ ಹೂಡುವ ಅವಧಿಯೂ ಮುಗಿಯುತ್ತದೆ. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಹೀಗೆ ಬಂದವರು ಇದ್ದಾರೆ, ಆರಾಮವಾಗಿಯೂ ಇದ್ದಾರೆ.

ಆದರೂ ನಾನು ಬೇಡ ಎಂದೆ. ಹಣ ಹೋಗುವ ದಾರಿ ಮುಚ್ಚಿದರೆ ಋಣ ತೀರಿದಂತಲ್ಲ, ಇದನ್ನು ಶಾಖೆಯಲ್ಲಿ ಎಷ್ಟು ಜನರಿಗೆ ಹೇಳಿದ್ದೆನೋ. ಚೆಕ್ ಕೊಟ್ಟು ಮರುದಿನ ಬಂದು ಅದನ್ನು ತಡೆಹಿಡಿಸುವವರು, ಹಾಗೆ ಮಾಡಿದರೆ ಸಾಲವೇ ನಿಂತಿತು ಎಂದುಕೊಳ್ಳುತ್ತಿದ್ದರು. ಬೆದರಿಸುವುದಾದರೆ ಬೆದರಿಸಲು ಸರಕೂ ಇದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ ಬ್ರಿಟನ್ನಿನ ಮೇಲಿನ ಹಂತದ ನ್ಯಾಯಾಲಯಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. 2020ರ ಜನವರಿಯಲ್ಲಿ ಸಂಯುಕ್ತ ಅರಬ್ ಸಂಸ್ಥಾನವನ್ನೂ ಆ ಪಟ್ಟಿಗೆ ಸೇರಿಸಿದರು. ದುಬೈಯಲ್ಲಿ ಕಾರಿನ ಸಾಲ ಬಿಟ್ಟು ಬಂದವರು ಆಗ ನನಗೆ ಕರೆ ಮಾಡಿ ವಿಚಾರಿಸಿದ್ದರು. ಐವತ್ತು ಸಾವಿರದ ಫೋನಿಗೆ ಯಾರೂ ಅಷ್ಟು ದೂರ ಬರುವುದಿಲ್ಲ, ಅದನ್ನೂ ಒಪ್ಪುತ್ತೇನೆ.

ನನ್ನ ಆಕ್ಷೇಪ ನ್ಯಾಯಾಲಯದ್ದಲ್ಲ. ನರ್ಸ್ ಕೆಲಸ ಮಾಡುವ ಹೆಣ್ಣುಮಗಳು ಮತ್ತೆ ಇಂಗ್ಲೆಂಡಿಗೆ ಹೋಗುವುದಿಲ್ಲ ಎಂದು ಯಾರು ಹೇಳಬಲ್ಲರು? ಆಸ್ಟ್ರೇಲಿಯಾ ಒಗ್ಗದಿದ್ದರೆ, ಇಂಗ್ಲೆಂಡಿನಲ್ಲೇ ಮದುವೆಯಾದರೆ, ಹಳೆಯ ಆಸ್ಪತ್ರೆಯವರೇ ಕರೆದರೆ? ಚಿಕ್ಕ ಬಾಕಿಯೊಂದು ವರ್ಷಗಳ ಮೇಲೆ ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಬಂಗಾರಪೇಟೆಯಲ್ಲಿದ್ದಾಗ ಒಬ್ಬ ಶಾಲಾ ಶಿಕ್ಷಕರ ಗೃಹಸಾಲದ ಅರ್ಜಿ ತಡೆದು ನಿಂತಿತ್ತು, ಕಾರಣ ಅವರು ಬೆಂಗಳೂರಿನಲ್ಲಿ ಎಂದೋ ಬಳಸಿ ಮರೆತಿದ್ದ ಕ್ರೆಡಿಟ್ ಕಾರ್ಡಿನ ಪುಡಿಗಾಸು. ಮನೆಯ ಪಾಯ ತೆಗೆದಿದ್ದರು, ಗೃಹಪ್ರವೇಶದ ತಿಂಗಳನ್ನೂ ನಿಶ್ಚಯಿಸಿದ್ದರು. ಆ ಪುಡಿಗಾಸು ಕಟ್ಟಿ, ದಾಖಲೆ ತಿದ್ದಿಸಿ ತರುವಷ್ಟರಲ್ಲಿ ಆಷಾಢ ಬಂತು.

ಇನ್ನೊಂದು ಕಾರಣ ಅಷ್ಟು ವ್ಯಾವಹಾರಿಕವಲ್ಲ. ಅವಳು ಆ ಫೋನನ್ನು ಇಟ್ಟುಕೊಂಡೇ ಹೋಗುತ್ತಿದ್ದಳು. ಕಟ್ಟದೆ ಬಾ ಎನ್ನುವವರು ಈ ಸಂಗತಿಯನ್ನು ಮಾತಿನಲ್ಲಿ ತರುವುದೇ ಇಲ್ಲ. ದಂಡದ ಬಗ್ಗೆ ಬೈಯುವಾಗ ಕೈಯಲ್ಲಿ ಅದೇ ಕಂಪನಿಯ ಫೋನ್ ಇರುತ್ತದೆ.

ಅವಳ ಲೆಕ್ಕ, ನನ್ನ ಲೆಕ್ಕ

ಹಾಗಾದರೆ ಕಟ್ಟಿ ಬಿಡುವುದೇ ಸರಿ ಎಂದು ನಾನು ಹೇಳಿದೆನೇ? ಇಲ್ಲ. ನನ್ನದು ಮೂರನೆಯ ಪಕ್ಷ, ಅದರಲ್ಲಿ ನಾನೊಬ್ಬನೇ ಸದಸ್ಯ. ಮುಂಚಿತವಾಗಿ ಪೂರ್ತಿ ಕಟ್ಟಿದರೆ ಕಂಪನಿ ಬಿಡುವುದು ಹತ್ತಿಪ್ಪತ್ತು ಪೌಂಡು. ಅಷ್ಟಕ್ಕಾಗಿ ಹನ್ನೊಂದು ತಿಂಗಳ ಹಣವನ್ನು ಇಂದೇ ಏಕೆ ಕೊಡಬೇಕು? ಹೊಸ ದೇಶಕ್ಕೆ ಹೋಗುವವಳಿಗೆ ಮನೆಯ ಮುಂಗಡ, ನೋಂದಣಿ ಶುಲ್ಕ, ಮೊದಲ ಸಂಬಳ ಬರುವವರೆಗಿನ ಖರ್ಚು ಎಂದು ಕೈಯಲ್ಲಿ ಹಣ ಬೇಕಾಗುವುದೇ ಈಗ. ಬ್ರಿಟನ್ನಿನ ಬ್ಯಾಂಕ್ ಖಾತೆಯನ್ನು ಹೇಗೂ ಸದ್ಯಕ್ಕೆ ಮುಚ್ಚುವುದಿಲ್ಲ, ತೆರಿಗೆಯ ವಾಪಸಾತಿ ಅದಕ್ಕೇ ಬರಬೇಕು. ಅದರಲ್ಲಿ ಕಂತಿನ ಹಣ ಇಟ್ಟುಬಿಡು, ತಿಂಗಳು ತಿಂಗಳು ಅದರ ಪಾಡಿಗೆ ಅದು ಹೋಗಲಿ, ಅವಧಿ ಮುಗಿಯುವ ತಿಂಗಳು ನೋಟಿಸ್ ಕೊಡು ಎಂದೆ. ಅಲ್ಲಿ ಅವಧಿ ಮುಗಿಯುವ ಮುಂಚೆ ಗಿರಾಕಿಗೆ ತಿಳಿಸುವುದನ್ನು 2020ರ ಫೆಬ್ರವರಿಯಿಂದ ಕಡ್ಡಾಯ ಮಾಡಿದ್ದಾರೆ, ಮರೆತುಹೋಗುವ ಭಯವೂ ಅಷ್ಟಿಲ್ಲ. ಮುಂಚಿತ ಪಾವತಿಗೆ ತಕ್ಕ ರಿಯಾಯಿತಿ ಇಲ್ಲದಿದ್ದರೆ ಮುಂಚಿತವಾಗಿ ಕಟ್ಟಬಾರದು ಎಂಬುದು ಬ್ಯಾಂಕಿನ ಬಾಲಪಾಠ.

ಅವಳು ಪೂರ್ತಿ ಕೇಳಿಸಿಕೊಂಡಳು. "ಲೆಕ್ಕ ಸರಿ ದೊಡ್ಡಪ್ಪ" ಎಂದಳು. "ಆದರೆ ನನಗೆ ಅಲ್ಲಿ ಹೋದ ಮೇಲೂ ಪ್ರತಿ ತಿಂಗಳು ಇಲ್ಲಿಯ ಖಾತೆಯಲ್ಲಿ ಹಣ ಇದೆಯೋ ಇಲ್ಲವೋ ಎಂದು ನೋಡುತ್ತ ಕೂರುವುದು ಬೇಡ. ಈ ಊರಿನಲ್ಲಿ ನನಗೆ ಸಾಕಾಗಿದೆ. ಮುಗಿಸಿಬಿಡುತ್ತೇನೆ."

ಆ "ಸಾಕಾಗಿದೆ" ಎಂಬುದನ್ನು ಅವಳು ಹೇಳಿದ ರೀತಿಗೆ ತಮ್ಮನೂ ಸುಮ್ಮನಾದ. ಇಷ್ಟು ದಿನ ಫೋನಿನ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಎರಡು ಚಳಿಗಾಲ ರಾತ್ರಿ ಪಾಳಿ ಮಾಡಿದವಳು, ಕತ್ತಲಲ್ಲಿ ಹೋಗಿ ಬೆಳಗಿನ ಕತ್ತಲಲ್ಲೇ ಬಂದವಳು, ಒಂದು ಸಂಜೆಯೂ ನಮ್ಮೆದುರು ಅತ್ತವಳಲ್ಲ. ತಮ್ಮ ಎದ್ದು ಹೊರಗೆ ಹೋದ. ನಾನು ಹಾಳೆಗಳನ್ನು ಜೋಡಿಸಿ, "ಆಗಲಮ್ಮಾ, ಹಾಗೇ ಮಾಡು" ಎಂದೆ. ಲೆಕ್ಕ ನನ್ನದೇ ಸರಿ ಎಂಬುದರಲ್ಲಿ ಈಗಲೂ ನನಗೆ ಸಂಶಯವಿಲ್ಲ. ಆದರೆ ಆ ಲೆಕ್ಕಕ್ಕೆ ಸೇರಿಸಬೇಕಾದ ಒಂದು ಅಂಕಿ ಅವಳ ಬಳಿ ಮಾತ್ರ ಇತ್ತು.

ಬಿಡುವುದಾದರೆ ಕ್ರಮವಾಗಿ ಬಿಡು ಎಂಬ ಹಟವನ್ನು ಮಾತ್ರ ನಾನು ಬಿಡಲಿಲ್ಲ. ಕಂಪನಿಯನ್ನು ಬಿಟ್ಟರೂ ಆ ಸಂಖ್ಯೆಯನ್ನು ಬಿಡುವಂತಿರಲಿಲ್ಲ, ಏಕೆಂದರೆ ಅಲ್ಲಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರದೇಶದಲ್ಲಿರುವ ನಮ್ಮವರು ಇಲ್ಲಿನ ಬ್ಯಾಂಕಿಗಾಗಿ ಇಲ್ಲಿಯ ಸಿಮ್ ಅನ್ನು ಜೀವ ಹಿಡಿದು ಕಾಪಾಡುತ್ತಾರಲ್ಲ, ಅದೇ ಕಥೆ ಅಲ್ಲಿಯೂ. ಅದಕ್ಕಾಗಿ ಅವಳು 65075ಕ್ಕೆ ಸಂದೇಶ ಕಳಿಸಿ ಕೋಡ್ ಪಡೆದಳು. ಅದಕ್ಕೆ ಮೂವತ್ತು ದಿನದ ಆಯುಸ್ಸು. ಇನ್ನೊಂದು ಕಂಪನಿಯ ಪ್ರೀಪೇಯ್ಡ್ ಸಿಮ್ ಕೊಂಡು ಆ ಕೋಡ್ ಕೊಟ್ಟಾಗ ಸಂಖ್ಯೆ ಹೊಸ ಸಿಮ್‌ಗೆ ಬಂತು, ಹಳೆಯ ಕರಾರು ಅಂದೇ ತಾನಾಗಿ ಮುಗಿಯಿತು, ಬಾಕಿಯೆಲ್ಲ ಕೊನೆಯ ಬಿಲ್ಲಿಗೆ ಸೇರಿತು. ಬಿಟ್ಟ ಮೇಲೂ ಇನ್ನೊಂದು ತಿಂಗಳ ನೋಟಿಸಿನ ಹಣ ಎಂದು ಪ್ರತ್ಯೇಕವಾಗಿ ಕೇಳುವ ಪದ್ಧತಿ ಹೀಗೆ ಬದಲಿಸುವವರಿಗೆ ಈಗ ಅಲ್ಲಿಲ್ಲ. ಇದನ್ನು ತಿಳಿಯದೆ ಬರೀ ಸಿಮ್ ಕಿತ್ತು ಎಸೆಯುವವರು ಹಣವನ್ನೂ ಕೊಡುತ್ತಾರೆ, ಸಂಖ್ಯೆಯನ್ನೂ ಕಳೆದುಕೊಳ್ಳುತ್ತಾರೆ. ಪ್ರೀಪೇಯ್ಡ್ ಸಿಮ್ ಅನ್ನು ಆಗಾಗ ಬಳಸದಿದ್ದರೆ ಅದೂ ಸತ್ತುಹೋಗುತ್ತದೆ, ಆದ್ದರಿಂದ ಒಂದು ಸಂದೇಶವನ್ನಾದರೂ ಕಳಿಸುತ್ತಿರು ಎಂದು ಹೇಳಿದ್ದೇನೆ.

ಡೈರೆಕ್ಟ್ ಡೆಬಿಟ್ ಅನ್ನು ಕೊನೆಯ ಬಿಲ್ಲಿನ ಹಣ ಹೋದ ಮೇಲೆಯೇ ರದ್ದು ಮಾಡಬೇಕು ಎಂಬುದು ನನ್ನ ಎರಡನೆಯ ಹಟ. ಮೂರನೆಯದಕ್ಕೆ ಅವಳು ನಕ್ಕಳು. ಬಾಕಿ ಇಲ್ಲವೆಂಬ ಪತ್ರ ಬರೆಸಿಕೋ ಎಂದೆ. "ಇಲ್ಲಿ ಹಾಗೆಲ್ಲ ಕೊಡುವುದಿಲ್ಲ ದೊಡ್ಡಪ್ಪ, ಆ್ಯಪ್‌ನಲ್ಲಿ ಸೊನ್ನೆ ಎಂದು ತೋರಿಸುತ್ತದೆ" ಎಂದಳು. ಆ್ಯಪ್‌ನ ಸೊನ್ನೆಯನ್ನು ನಂಬಿ ಕೂರುವ ಬ್ಯಾಂಕಿನವನು ನಾನಲ್ಲ. ಖಾತೆ ಮುಚ್ಚಿದ ಮೇಲೆ ಆ ಆ್ಯಪ್ ತೆರೆಯುವುದೂ ಇಲ್ಲ. ಕೇಳಿನೋಡು, ಕೇಳಲು ದುಡ್ಡು ಬೇಕೇ ಎಂದೆ. ಅವಳು ವಿಮಾನ ನಿಲ್ದಾಣದಲ್ಲಿ ಕುಳಿತು ಇಮೇಲ್ ಬರೆದಳು. ಖಾತೆ ಮುಚ್ಚಿದೆ, ಬಾಕಿ ಏನೂ ಇಲ್ಲ ಎಂಬ ಎರಡು ಸಾಲಿನ ಉತ್ತರ ಬಂತು, ಅದನ್ನು ನನಗೆ ಕಳಿಸಿದಳು. ಮುದ್ರಿಸಿ ಫೈಲಿಗೆ ಹಾಕಿದ್ದೇನೆ. ತಮ್ಮ ಅದನ್ನು ನೋಡಿ, ಐವತ್ತು ಸಾವಿರದ ಕಾಗದ ಎಂದು ಈಗಲೂ ಚುಚ್ಚುತ್ತಾನೆ.

ಆಸ್ಟ್ರೇಲಿಯಾದಲ್ಲಿ ಇಳಿದ ಕೂಡಲೇ ಅವಳು ಅದೇ ಫೋನಿಗೆ ಅಲ್ಲಿಯ ಪ್ರೀಪೇಯ್ಡ್ ಸಿಮ್ ಹಾಕಿಕೊಂಡಳು. ಅವಧಿ ಎಷ್ಟು ದಿನದ್ದಮ್ಮಾ ಎಂದು ಕೇಳಿದೆ. ಇಪ್ಪತ್ತೆಂಟು ಎಂದಳು.